ಅವ್ವನ ಒಪ್ಪತ್ತು

ಭಾರ ಎತ್ತಿದ ಮೇಲೆ ತಾಸಿನೊಳಗೆ ಹೊಟ್ಟೆಗೆ ಬಿದ್ದರೆ ಒಳ್ಳೆಯದು ಎಂದು ಜಿಮ್ಮಿನಲ್ಲಿ ನನಗೆ ಭಾರ ಎತ್ತುವುದನ್ನು ಕಲಿಸುವ ಶಿವಲಿಂಗ ಸರ್ ಅವ್ವನಿಗೆ ಹೇಳಿದ್ದೇ ತಪ್ಪಾಯಿತು. ದಣಿದ ಸ್ನಾಯು ಕೂಡಿಕೊಳ್ಳಲು ತತ್ತಿ, ಹಾಲು, ಕಾಳು ಬೇಕು. ಹೋದ ಶಕ್ತಿ ಬರಲು ರೊಟ್ಟಿಯೋ ಅನ್ನವೋ ಬೇಕು. ಅವರು ಹೇಳಿದ್ದು ಇಷ್ಟೇ. ಅವ್ವ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ದಾಂಡೇಲಿಯ ನಮ್ಮ ಓಣಿಯಲ್ಲಿ ಮದುವೆ ಇರಲಿ, ಸಾವು ಇರಲಿ, ಸಂಜೆ ನಾನು ಜಿಮ್ಮಿನಿಂದ ಬರುವ ಹೊತ್ತಿಗೆ ನಮ್ಮವ್ವ ಗೀತಾಬಾಯಿ ಒಲೆಯ ಮುಂದೆ. ಬೇಯಿಸಿದ ತತ್ತಿ, ಮೊಳಕೆ ಹೆಸರುಕಾಳಿನ ಪಲ್ಯ, ಬಿಸಿ ರೊಟ್ಟಿ, ಮೊಸರು, ಕೊನೆಗೊಂದು ಬಾಳೆಹಣ್ಣು. ಎದುರು ಕುಳಿತು ನಾನು ಉಣ್ಣುವುದನ್ನು ನೋಡುತ್ತಾಳೆ. ತಾನು ಮಾತ್ರ ಉಣ್ಣುವುದಿಲ್ಲ.

ಯಾಕಂತೀರಿ? ಹರಕೆ! ಮಗಳಿಗೆ ರಾಜ್ಯಮಟ್ಟದಲ್ಲಿ ಪದಕ ಬರುವತನಕ ಒಪ್ಪತ್ತು, ರಾತ್ರಿ ಊಟವಿಲ್ಲ ಎಂದು ಊರದೇವಿ ದ್ಯಾಮವ್ವನ ಮುಂದೆ ಹೇಳಿ ಬಂದಿದ್ದಾಳೆ. ನನ್ನನ್ನು ಒಂದು ಮಾತು ಕೇಳಿದಳೇ? ಇಲ್ಲ. ಮೊದಲ ವರ್ಷ ನಾನು ಸೋತೆ, ಮರುವರ್ಷವೂ ಬರಿಗೈಯಲ್ಲೇ ಬಂದೆ. ಅವಳ ಕುಪ್ಪಸ ಸಡಿಲಾಯಿತು, ಬಳೆಗಳು ಮೊಣಕೈತನಕ ಜಾರತೊಡಗಿದವು. ಕಳೆದ ದೀಪಾವಳಿಯಲ್ಲಿ ನಲ್ಲಿಯ ಹತ್ತಿರ ಕೊಡದ ಸಮೇತ ಬಿದ್ದಳು. ಮೈಯಲ್ಲಿ ರಕ್ತವೇ ಇಲ್ಲ, ಎರಡೂ ಹೊತ್ತು ಉಣ್ಣದಿದ್ದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದರು.

“ಬಿಡ ಬೇ ಯವ್ವಾ ನಿನ್ನ ಹರಕಿ,” ಎಂದು ಬೈದೆ, ಅತ್ತುಬಿಟ್ಟೆ, ತಾಟು ನೂಕಿದೆ.

“ಹುಚ್ಚಿ, ದೇವಿ ಮುಂದ ಆಡಿದ ಮಾತು ಹೆಂಗ ಬಿಡೂದು? ನಾ ಉಣ್ಣಬೇಕಂದ್ರ ನೀ ಪದಕ ತಗೊಂಡ ಬಾ,” ಎಂದು ನಕ್ಕಳು. ತಾಟನ್ನು ಮತ್ತೆ ನನ್ನ ಮುಂದೆ ಸರಿಸಿದಳು.

ಅಪ್ಪ ಕಾಗದದ ಗಿರಣಿಯ ಪಾಳಿ ಮುಗಿಸಿ ಬಂದವನು ಎರಡು ತುತ್ತು ತಿಂದು, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಅವನ ಮಾತನ್ನೂ ಅವಳು ಕೇಳಿರಲಿಲ್ಲ.

ಇಂಥದ್ದರಲ್ಲಿ ನನ್ನ ಬಲಭುಜ ಕೈಕೊಟ್ಟಿತು. ಇನ್ನು ಭಾರ ಎತ್ತಿದರೆ ತಲೆ ಬಾಚಿಕೊಳ್ಳಲೂ ಆಗಲಿಕ್ಕಿಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಅವ್ವನಿಗೆ ತಿಳಿಸಲಿಲ್ಲ. ಒಂದು ಪದಕ ತಂದು ಅವಳ ಬಾಯಿಗೆ ರಾತ್ರಿಯ ರೊಟ್ಟಿ ಬೀಳುವಂತೆ ಮಾಡಬೇಕು, ಆಮೇಲೆ ಈ ಕಬ್ಬಿಣದ ಮುಖ ನೋಡುವುದಿಲ್ಲ ಎಂದುಕೊಂಡು ರಾಜ್ಯಮಟ್ಟದ ಸ್ಪರ್ಧೆಗೆ ದಾವಣಗೆರೆಗೆ ಹೋದೆ.

ಕೊನೆಯ ಸಲ ಎತ್ತಿದಾಗ ಭುಜದೊಳಗೆ ಏನೋ ಹರಿದಂತಾಯಿತು. ಕಣ್ಣು ಕತ್ತಲೆ ಬಂತು. ಇಳಿಸು ಎಂದು ತೀರ್ಪುಗಾರರ ಸದ್ದು ಬರುವತನಕ ಹಲ್ಲು ಕಚ್ಚಿ ನಿಂತೆ. ಕಂಚು ಬಂತು. ಕೊರಳಿಗೆ ಪದಕ ಹಾಕುವಾಗ ನನಗೆ ಕಂಡದ್ದು ಒಂದೇ: ಅವ್ವ ಕಾಲು ಚಾಚಿ ಕುಳಿತು ರೊಟ್ಟಿ ಮುರಿಯುತ್ತಿದ್ದಾಳೆ. ಅಯ್ಯೋ, ಎಷ್ಟು ಅತ್ತೆ! ಎಲ್ಲರೂ ಅದನ್ನು ಗೆದ್ದ ಖುಷಿ ಎಂದುಕೊಂಡರು. ಸರ್ ಅಲ್ಲಿಂದಲೇ ಮನೆಗೆ ಫೋನ್ ಮಾಡಿದರು.

ಮರುದಿನ ಹಳಿಯಾಳ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಅವ್ವನಿಗೆಂದು ಜಿಲೇಬಿ ಕಟ್ಟಿಸಿಕೊಂಡೆ. ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅವ್ವ ಆರತಿ ಎತ್ತಿದಳು, ಪದಕವನ್ನು ತನ್ನ ಕೊರಳಿಗೆ ಹಾಕಿಕೊಂಡು ಓಣಿಗೆಲ್ಲ ತೋರಿಸಿ ಬಂದಳು. ಆಮೇಲೆ ಊಟಕ್ಕೆ ಕರೆದಳು. ಹಾಕಿದ್ದು ಒಂದೇ ತಾಟು.

“ನಿಂದೆಲ್ಲೈತಿ?” ಎಂದೆ.

“ನಾ ಮಧ್ಯಾಹ್ನ ಉಂಡೇನಲ್ಲ.”

“ಹರಕಿ ತೀರಿತಲ್ಲ ಬೇ!”

“ತೀರಿತು ನಮ್ಮವ್ವಾ. ಸರ್ ಫೋನ್ ಮಾಡಿದ್ದ ತಡ, ಓಡಿ ಹೋಗಿ ಕಾಯಿ ಒಡಿಸಿದೆ.” ಅವಳ ಮುಖ ಅರಳಿತ್ತು. “ಅಲ್ಲೇ ನಿಂತು ಇನ್ನೊಂದು ಬೇಡಕೊಂಡೆ. ನನ್ನ ಮಗಳು ದೇಶದಾಗ ಗೆಲ್ಲಲಿ, ಅಲ್ಲೀತನಕ ಒಪ್ಪತ್ತ ಇರ್ತೇನಿ ಅಂತ. ಕೇಳ್ತಾಳ ನಮ್ಮ ದ್ಯಾಮವ್ವ.”

ನನ್ನ ಎದೆ ಒಡೆಯಿತು. ದೇವಿಯ ಮೇಲೆ, ಸರ್ ಮೇಲೆ, ಎಲ್ಲರ ಮೇಲೂ ಸಿಟ್ಟು ಬಂತು. “ನನ್ನ ಭುಜ ಹೋಗೇತಿ ಬೇ. ಇನ್ನ ಎತ್ತಾಕ ಆಗಂಗಿಲ್ಲ,” ಎಂದು ಚೀರಿದೆ.

ಅವ್ವ ಗಾಬರಿಯಾಗಿ ನನ್ನ ಭುಜ ಮುಟ್ಟಿದಳು. ಅದು ಬಾತುಕೊಂಡು ಸುಡುತ್ತಿತ್ತು. ತಾಟನ್ನು ನನ್ನ ಹತ್ತಿರಕ್ಕೆ ಸರಿಸಿದಳು. ಆಮೇಲೆ, “ಆಡಿದ ಮಾತು ಆಡಿಬಿಟ್ಟೇನಲ್ಲವ್ವಾ,” ಎಂದಳು. “ಉಣ್ಣು. ಉಂಡ್ರ ಕೂಡ್ತೈತಿ. ಆರಾಮಾಗ್ತದ.”

ತುತ್ತು ಎತ್ತಲು ನೋಡಿದೆ. ಕೈ ಬಾಯಿಯತನಕ ಬರಲಿಲ್ಲ. ಅವ್ವ ತಾನೇ ರೊಟ್ಟಿ ಮುರಿದು, ಪಲ್ಯ ಹಚ್ಚಿ ನನ್ನ ಬಾಯಿಗೆ ಹಿಡಿದಳು. ಕೈ ಎತ್ತಿದಾಗ ಅವಳ ಬಳೆಗಳು ಮೊಣಕೈತನಕ ಜಾರಿದವು. ನುಂಗಿದೆ. ಮತ್ತೊಂದು ತುತ್ತು ಕೊಟ್ಟಳು, ಅದನ್ನೂ ನುಂಗಿದೆ.

“ಆರಾಮಾದ ಮ್ಯಾಲೆ ಮತ್ತ ಜಿಮ್ಮಿಗೆ ಹೋಗ್ತಿ, ಹೌದಿಲ್ಲೋ?” ಎಂದು ಕೇಳಿದಳು.

“ಹೋಗ್ತೇನಿ ಬೇ,” ಎಂದೆ.