ತಲುಪುವ ಹೊತ್ತಿನಿಂದ ಹಿಂದಕ್ಕೆ

ಮೇಜಿನ ಪ್ಲಾಸ್ಟಿಕ್ ಹಾಸು ಮೊಣಕೈಗೆ ಅಂಟುತ್ತಿದೆ, ಬೆಳಗ್ಗೆ ಚೆಲ್ಲಿದ ಚಹಾ ಇರಬೇಕು, ಒರೆಸಬೇಕು, ಒರೆಸಬೇಕೆಂದರೆ ಹಾಳೆ ಎತ್ತಬೇಕು, ಎತ್ತುವುದಕ್ಕೆ ಶಾಹಿನಾಜ್‌ಗೆ ಮನಸ್ಸು ಬರುತ್ತಿಲ್ಲ, ಬಾಬಾ ಮೂರು ದಿನ ಕೂತು ಗೆರೆ ಎಳೆದ ಹಾಳೆ ಅದು, ಮೇಜಿನ ಈ ತುದಿಯಿಂದ ಆ ತುದಿಯವರೆಗೆ ಹಾಸಿಕೊಂಡಿದೆ, ದಿನಕ್ಕೊಂದು ಚೌಕ, ಈ ಅಕ್ಟೋಬರಿನಿಂದ ಬರುವ ಸೆಪ್ಟೆಂಬರಿನವರೆಗೆ. ಬಚ್ಚಲಲ್ಲಿ ನಲ್ಲಿ ಸುರಿಯುತ್ತಿದೆ, ಶುಕ್ರವಾರದ ನಮಾಜಿಗೆ ಹೊರಡುವ ಮುನ್ನ ಬಾಬಾ ಗಡ್ಡ ಹೆರೆದುಕೊಳ್ಳುತ್ತಿದ್ದಾರೆ, ನಡುವೆ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಾರೆ, ಆಗ ನೀರಿನ ಸದ್ದೊಂದೇ, ಆಗ ಅವಳು ಕಿವಿಗೊಟ್ಟು ಕಾಯುತ್ತಾಳೆ, ಮತ್ತೆ ಬ್ಲೇಡಿನ ಸದ್ದು, ಸದ್ಯ. ಕೆಳಗಿನ ಮನೆಯಲ್ಲಿ ಮೀನು ಹುರಿಯುತ್ತಿದ್ದಾರೆ, ಅಲೆಕ್ಸಾಂಡ್ರಿಯಾದ ಕಡಲ ತಡಿಯಲ್ಲಿ ಹುಟ್ಟಿದ ಮನುಷ್ಯ ಈಗ ಮೀನಿನ ವಾಸನೆಗೆ ವಾಕರಿಸುತ್ತಾನೆಂದರೆ ಇನ್ನೇನು ಹೇಳುವುದು, ಕಿಟಕಿ ಹಾಕಬೇಕು, ಕಿಟಕಿ ಹಾಕಿದರೆ ಯಾಕೆ ಹಾಕಿದೆ ಅಂತಾರೆ, ಏನಂತ ಸುಳ್ಳು ಹೇಳಲಿ, ಸುಳ್ಳುಗಳೇ ಖಾಲಿಯಾಗುತ್ತ ಬಂದಿವೆ.

ಮೊದಲ ಸುಳ್ಳು ಕಲ್ಲು. ಪಿತ್ತಕೋಶದಲ್ಲಿ ಕಲ್ಲು ಬಾಬಾ, ಸಣ್ಣದು, ಕಣ್ಣು ಹಳದಿ ಆಗಿರೋದು ಅದಕ್ಕೇನೆ. ಆಸ್ಪತ್ರೆಯ ಮೊಗಸಾಲೆಯಲ್ಲಿ ಅಣ್ಣ ಹೈಸಮ್ ಗೋಡೆಗೆ ಹಣೆ ಒತ್ತಿ ನಿಂತಿದ್ದ, ವೈದ್ಯರು ಅವನಿಗೆ ಮಾತ್ರ ಹೇಳಿ ಹೋಗಿದ್ದರು, ಫೆಬ್ರವರಿ ಕಂಡರೆ ದೇವರ ದಯೆ ಅಂದಿದ್ದರು, ಹೈಸಮ್ ತಿರುಗಿ ಅವಳ ತೋಳು ಹಿಡಿದ, ಅಳ್ಬೇಡ, ಮುಖ ತೊಳ್ಕೊಂಡು ನಗ್ತಾ ಒಳಗ್ ಬಾ, ಕಲ್ಲು ಅಂತ ಹೇಳಿದೀನಿ. ನಗಾತ್ ಅತ್ತೆಯೂ ಅದನ್ನೇ ಅಂದಳು, ಬಾಬಾನ ಸ್ವಂತ ತಂಗಿ, ಕಾಯಿಲೆಯ ಹೆಸರು ಬಾಯಿಗೆ ಬರಬಾರದೆಂದು ತಲೆವಸ್ತ್ರದ ತುದಿ ಒತ್ತಿಕೊಂಡು, ಆ ಕಾಯಿಲೆ ಇದೆ ಅಂತ ಯಾರಿಗಾದ್ರೂ ಮುಖಕ್ಕೇ ಹೇಳ್ತಾರೇನೆ, ಹೇಳಿದ್ರೆ ಧೈರ್ಯ ಹೋಗ್ಬಿಡುತ್ತೆ, ಧೈರ್ಯ ಹೋದ್ಮೇಲೆ ಮನುಷ್ಯ ಉಳೀತಾನಾ. ಈ ಊರಲ್ಲಿ ಯಾರೂ ಹೇಳುವುದಿಲ್ಲ, ಹೇಳಿದವರನ್ನು ಅವಳು ಕಂಡಿಲ್ಲ. ಔಷಧದ ಡಬ್ಬಿಗಳ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದವಳು ಅವಳೇ, ಹಾಸಿಗೆಯ ಮೇಲೆ ಬಾಬಾ ನಗುತ್ತಿದ್ದರು, ಮೂವತ್ನಾಲ್ಕು ವರ್ಷ ರೈಲಿನ ಜಲ್ಲಿಕಲ್ಲು ತುಳಿದೋನು ಕಣಮ್ಮಾ ನಾನು, ಒಂದು ಕಲ್ಲು ಹೊಟ್ಟೇಲಿದ್ರೆ ಏನ್ ಮಹಾ.

ಎರಡನೆಯ ಸುಳ್ಳು ಈ ಹಾಳೆ. ಕಾಲೇಜಿಗೆ ಜನವರಿಯ ಸುತ್ತಿನಲ್ಲೇ ಅರ್ಜಿ ಹಾಕುವುದೆಂದು ಅವಳು ಪಟ್ಟು ಹಿಡಿದದ್ದು ಆಗಸ್ಟಿನಲ್ಲಿ, ಆಗ ಬಾಬಾ ಎರಡು ರೊಟ್ಟಿ, ಒಂದು ಬಟ್ಟಲು ಬೇಯಿಸಿದ ಫೂಲ್ ಕಾಳು ಮುಗಿಸಿ ಇನ್ನಿಲ್ವಾ ಎನ್ನುತ್ತಿದ್ದರು, ಏಳು ವರ್ಷ ಬಂದರಿನ ಕಚೇರಿಯಲ್ಲಿ ಕೂತು ಊರವರ ಕಂಟೇನರು ಬಿಡಿಸಿಕೊಟ್ಟಿದ್ದು ಸಾಕು, ಫ್ರಾನ್ಸಿನ ಬಿಸಿನೆಸ್ ಸ್ಕೂಲು, ಒಂದು ವರ್ಷದ ಓದು, ಆಮೇಲೆ ತನ್ನದೇ ಕಂಪನಿ. ಫೋನಿನಲ್ಲಿ ಬರೆದುಕೊಂಡಿದ್ದಳು, ಪರೀಕ್ಷೆಗೆ ಐದು ವಾರ, ಪ್ರಬಂಧಗಳಿಗೆ ಹತ್ತು ದಿನ, ಶಿಫಾರಸು ಪತ್ರಕ್ಕೆ ಒಂದು ವಾರ. ರೈಲ್ವೆಯಲ್ಲಿ ವೇಳಾಪಟ್ಟಿ ಬರೆಯುತ್ತಿದ್ದ ಬಾಬಾ ಕನ್ನಡಕ ಏರಿಸಿ ಓದಿ ಫೋನು ವಾಪಸು ಕೊಟ್ಟರು, ಇದು ವೇಳಾಪಟ್ಟಿ ಅಲ್ಲ ಶೂಶೂ, ಹರಕೆ. ಅವಳಿಗೆ ಎಷ್ಟು ಕೋಪ ಬಂದಿತ್ತು, ಎರಡು ದಿನ ಮಾತು ಬಿಟ್ಟಿದ್ದಳು, ಅಯ್ಯೋ, ಎರಡು ದಿನ, ಇರುವುದನ್ನೇ ಪೋಲು ಮಾಡಿದೆನಲ್ಲ. ಹೊರಡೋ ಹೊತ್ತಿಂದ ಯಾವತ್ತೂ ಬರೀಬಾರ್ದು ಮಗಳೇ, ತಲುಪೋ ಹೊತ್ತಿಂದ ಹಿಂದಕ್ ಬರೀಬೇಕು, ಎಲ್ಲೆಲ್ಲಿ ಗಾಡಿ ನಿಲ್ಲುತ್ತೆ ಅಂತ ಮೊದ್ಲೇ ಗೊತ್ತಿರಬೇಕು, ನಿಲ್ಲೋದು ತಪ್ಪಲ್ಲ, ನಿಲ್ಲಲ್ಲ ಅಂತ ಬರ್ಕೊಳ್ಳೋದು ತಪ್ಪು. ಮೊಗಸಾಲೆಯ ಆ ದಿನ ಕಳೆದ ಮೇಲೆ ಅವಳೇ ಬಂದು ಹೇಳಿದಳು, ಮುಖದಲ್ಲಿ ನಗು ಅಂಟಿಸಿಕೊಂಡು, ನೀವಂದಿದ್ದೇ ಸರಿ ಬಾಬಾ, ಜನವರಿ ಆಗಲ್ಲ, ಬರೋ ಸೆಪ್ಟೆಂಬರಿನ ಮೊದಲ ಸುತ್ತಲ್ಲಿ ಅರ್ಜಿ ಹಾಕ್ತೀನಿ, ಸರಿಯಾದ ವೇಳಾಪಟ್ಟಿ ನೀವೇ ಹಾಕ್ಕೊಡಿ. ಚಳಿಗಾಲವಿಡೀ ಅವರ ಹಾಸಿಗೆಯ ಪಕ್ಕ ಇರಬಹುದು, ಯಾಕೆಂದು ಅವರು ಕೇಳುವುದಿಲ್ಲ, ಅವರಿಗೂ ಕೈಗೊಂದು ಕೆಲಸ. ಬಾಬಾ ಒಂದು ಗಳಿಗೆ ಅವಳನ್ನೇ ನೋಡಿದರು, ಹೂಂ ಅಂದರು, ದೊಡ್ಡ ಹಾಳೆ ತಗೊಂಡ್ ಬಾ ಅಂದರು. ಎಷ್ಟು ಸುಲಭವಾಗಿ ಮೋಸ ಹೋದರು ಅಂದುಕೊಂಡಳು, ಮೋಸ ಮಾಡಿದ್ದಕ್ಕೆ ಅಡುಗೆಮನೆಯಲ್ಲಿ ನಿಂತು ಅತ್ತಳು.

ಈಗ ಓದಬೇಕು, ಬಾಬಾ ಬರುವಷ್ಟರಲ್ಲಿ ಓದಿ ಚೆನ್ನಾಗಿದೆ ಅನ್ನಬೇಕು. ಎಲ್ಲ ಶಾಯಿಯಲ್ಲಿ, ರೈಲ್ವೆ ಕಚೇರಿಯ ಆ ದುಂಡು ಅಕ್ಷರ, ಓದಿಗೆ ನೀಲಿ, ಕೊನೆಯ ದಿನಾಂಕಗಳಿಗೆ ಕೆಂಪು. ಡಿಸೆಂಬರ್ ಎಂಟು ಪರೀಕ್ಷೆ, ಇಪ್ಪತ್ತೇಳು ಎರಡನೇ ಸಲ ಪರೀಕ್ಷೆ, ಪಕ್ಕದಲ್ಲಿ ಸಣ್ಣಗೆ, ಮೊದಲ ಸಲ ಯಾರಿಗೂ ಸರಿಬರುವುದಿಲ್ಲ. ಜನವರಿ ಪೂರ್ತಿ ಅವಳ ಮೇಲಧಿಕಾರಿ ಮಮ್‌ದೂಹ್ ಸಾಹೇಬರ ಶಿಫಾರಸು ಪತ್ರಕ್ಕೆ, ಐದು ಸಲ ನಾಳೆ ಬಾ ಅನ್ನುತ್ತಾರೆ ಎಂದು ಐದು ನಾಳೆಗಳನ್ನೂ ಗುರುತು ಮಾಡಿದ್ದಾರೆ, ಅವಳಿಗೆ ಒಳಗೊಳಗೇ ನಗು. ಮೇ ರಂಜಾನ್, ಅರ್ಧ ವೇಗ, ಆಮೇಲೆ ಹಬ್ಬಕ್ಕೆ ನಾಲ್ಕು ದಿನ, ಹೈಸಮ್‌ನ ಮಕ್ಕಳು ಬರುತ್ತಾರೆ, ಓದಲಾಗದು. ಜೂನ್, ಪ್ರಬಂಧ ಯಾರಿಗಾದರೂ ತೋರಿಸಬೇಕು, ನಿನ್ನನ್ನು ಹೊಗಳುವವರಿಗಲ್ಲ. ಎಲ್ಲಿಯೂ ಚೌಕ ಬಿಟ್ಟಿಲ್ಲ, ಬಾಬಾ ಚೌಕ ಬಿಡುವವರಲ್ಲ, ಹಾಗಾದರೆ ಇದೇನು, ಫೆಬ್ರವರಿಯಲ್ಲಿ, ಹತ್ತೊಂಬತ್ತರವರೆಗೆ ನೀಲಿ, ಇಪ್ಪತ್ತರಿಂದ ಏನೂ ಇಲ್ಲ, ಮಾರ್ಚ್ ಪೂರ್ತಿ ಏನೂ ಇಲ್ಲ, ಸುತ್ತ ಪೆನ್ಸಿಲಿನ ತೆಳು ಗೆರೆ, ಇಡೀ ಹಾಳೆಯಲ್ಲಿ ಪೆನ್ಸಿಲು ಮುಟ್ಟಿದ್ದು ಇಲ್ಲೊಂದೇ ಕಡೆ. ದಣಿದು ಮರೆತರೇನೋ, ಪಾಪ. ಬೆರಳಿಟ್ಟು ಎಣಿಸಿದಳು, ಫೆಬ್ರವರಿಯಲ್ಲಿ ಒಂಬತ್ತು, ಮಾರ್ಚಿನಲ್ಲಿ ಮೂವತ್ತೊಂದು. ಇನ್ನೊಮ್ಮೆ ಎಣಿಸಿದಳು. ಒಂಬತ್ತು, ಮೂವತ್ತೊಂದು. ನಲವತ್ತು.

ನಲವತ್ತು, ಅಮ್ಮ ಹೋದಾಗ ಇದೇ ಮನೆಯಲ್ಲಿ ನಲವತ್ತು, ಸಕ್ಕರೆಯಿಲ್ಲದ ಕಾಫಿ, ಕಪ್ಪು ಬಟ್ಟೆ, ಗುರುವಾರ ಗುರುವಾರ ಕುರಾನ್ ಓದುವವರು, ನಲವತ್ತು ದಿನ ತುಂಬುವತನಕ ಯಾರೂ ಹೊಸ ಕೆಲಸಕ್ಕೆ ಕೈ ಹಾಕುವ ಹಾಗಿಲ್ಲ ಎಂದು ನಗಾತ್ ಅತ್ತೆ ಬಾಗಿಲಿಗೇ ಕೂತಿದ್ದಳು. ಮೂವತ್ತೊಂದನೆಯ ದಿನ ಶಾಹಿನಾಜ್‌ಗೆ ದುಬೈ ಕೆಲಸದ ಸಂದರ್ಶನ, ಹೋಗಲಿಲ್ಲ, ಯಾರೂ ಹೋಗು ಅನ್ನಲಿಲ್ಲ, ಬಾಬಾ ಕೂಡ ಅನ್ನಲಿಲ್ಲ, ವರ್ಷಗಳಾದ ಮೇಲೆ ಒಮ್ಮೆ ಟ್ರಾಮಿನಲ್ಲಿ ಹೋಗುವಾಗ ತಾವಾಗಿಯೇ ಅಂದಿದ್ದರು, ಆವತ್ತು ನಾನೊಂದು ಮಾತು ಹೇಳ್ಬೇಕಾಗಿತ್ತು ಕಣೇ, ಹೊಳೀಲಿಲ್ಲ. ಅಂದರೆ ಬಾಬಾಗೆ ಗೊತ್ತು. ಯಾವತ್ತಿನಿಂದ ಗೊತ್ತು. ಆಸ್ಪತ್ರೆಯಲ್ಲೊಮ್ಮೆ ತನಗೂ ಹೈಸಮ್‌ಗೂ, ನೀವಿಬ್ರೂ ಆಚೆ ಹೋಗಿ, ಡಾಕ್ಟ್ರ ಹತ್ರ ಎರಡು ನಿಮಿಷ ಮಾತಾಡ್ಬೇಕು ಅಂದಿದ್ದರಲ್ಲ, ಏನೋ ಹಳೆಯ ಸಹೋದ್ಯೋಗಿಯ ವಿಷಯ ಅಂದರಲ್ಲ, ಆವತ್ತಾ. ಮೊನ್ನೆ ಅವಳನ್ನು ಕರೆದು ಗ್ಯಾಸಿನ ಕವಾಟ ತಿರುಗಿಸುವುದನ್ನು ಎರಡೆರಡು ಸಲ ತೋರಿಸಿದರು, ನನಗೆ ಬರುತ್ತೆ ಬಾಬಾ ಎಂದು ರೇಗಿದ್ದಳು. ಇವಳು ಅವರಿಗಾಗಿ ನಗು ಅಂಟಿಸಿಕೊಂಡು ಓಡಾಡುತ್ತಿದ್ದರೆ ಅವರು ಇವಳ ನಗು ಕಳಚಿ ಬೀಳದ ಹಾಗೆ ಕಲ್ಲಿನ ಜೋಕು ಹೇಳಿಕೊಂಡು ಬಂದರು, ಒಬ್ಬರೇ ಕೂತು ಈ ಹಾಳೆಯ ಮೇಲೆ ಅಳತೆಪಟ್ಟಿ ಇಟ್ಟು, ತಾವು ಹೋದ ಮೇಲಿನ ನಲವತ್ತು ದಿನಗಳನ್ನು, ಒಂದೊಂದಾಗಿ, ಅಳಿಸಿ ಆಚೀಚೆ ಮಾಡಿಕೊಳ್ಳಲಿ ಅಂತ ಪೆನ್ಸಿಲಿನಲ್ಲಿ, ಯಾರಿಗೂ ಹೇಳದೆ, ದೇವರೇ, ಎಷ್ಟು ಒಂಟಿಯಾಗಿದ್ದರು, ನಾವೇ ಮಾಡಿದ್ದು, ಮನೆತುಂಬ ಜನ ಇಟ್ಟುಕೊಂಡು ನಾವೇ ಅವರನ್ನು ಒಂಟಿ ಮಾಡಿದ್ದು.

ನಲ್ಲಿ ನಿಂತಿದೆ. ಬಾಬಾ ಬಾಗಿಲಲ್ಲಿ ನಿಂತಿದ್ದಾರೆ, ಕಿವಿಯ ಹತ್ತಿರ ಒರೆಸದೆ ಉಳಿದ ಚೂರು ಸೋಪು, ಇಸ್ತ್ರಿ ಮಾಡಿದ ಗಲಾಬಿಯಾ ನಿಲುವಂಗಿ ಭುಜದಿಂದ ಜಾರುತ್ತಿದೆ, ಏನೇ, ಪೂರ್ತಿ ನೋಡಿದ್ಯಾ? ಹೂಂ ಬಾಬಾ. ತಿದ್ದೋದೇನಾದ್ರೂ ಇದ್ಯಾ? ಹೇಳಿಬಿಡು ಅನ್ನುತ್ತದೆ ಅವಳ ಮನಸ್ಸು, ನಮಗೆ ಗೊತ್ತು ಬಾಬಾ, ನಿಮಗೂ ಗೊತ್ತು, ಬನ್ನಿ ಕೂತ್ಕೊಳ್ಳಿ, ಅಳೋಣ, ಒಟ್ಟಿಗೆ ಒಂದು ಸಲ ಅಳೋಣ, ನಾಲಿಗೆಯ ತುದಿಯವರೆಗೂ ಬಂತು, ಚೆನ್ನಾಗಿದೆ ಬಾಬಾ ಅಂದಳು. ಅವರು ಹತ್ತಿರ ಬಂದು ಅವಳ ತಲೆಯ ಮೇಲೆ ಕೈ ಇಟ್ಟರು, ತೇವದ ಕೈ, ಎಷ್ಟು ಹಗುರ, ಪೆನ್ಸಿಲಲ್ಲಿ ಎಳ್ದಿರೋದು ನನ್ ಕೈಲಿಲ್ಲ, ಅದನ್ನ ನೀನು ಹಿಂದೆಮುಂದೆ ಮಾಡ್ಕೋ, ಶಾಯಿಯಲ್ಲಿ ಇರೋದನ್ನ ಮಾತ್ರ ಅಲುಗಾಡಿಸ್ಬೇಡ, ಆಯ್ತಾ? ಆಯ್ತು ಬಾಬಾ. ಕಿಟಕಿ ಹಾಕ್ಕೊಳೇ, ಮೀನಿನ ವಾಸನೆ ಅಂದರು, ಊರುಗೋಲು ತೆಗೆದುಕೊಂಡರು, ಮೆಟ್ಟಿಲಿಳಿಯುವ ಸದ್ದು, ಒಂದು, ನಿಂತು, ಒಂದು, ನಿಂತು, ಮಸೀದಿಯಲ್ಲಿ ಪ್ರವಚನ ಶುರುವಾಗಿದೆ, ತಡ ಆಗುತ್ತದೆ ಅವರಿಗೆ, ಆಗಲಿ, ತಡ ಆಗಲಿ. ಏಪ್ರಿಲ್ ಒಂದರ ಚೌಕದಲ್ಲಿ ಶಾಯಿಯಲ್ಲಿ ಬರೆದಿದ್ದಾರೆ, ಅವಳ ಕಣ್ಣು ಅಲ್ಲಿಗೆ ಈಗ ಹೋಯಿತು, ಬೆಳಗ್ಗೆ ಎಂಟು ಗಂಟೆ, ಶೂಶೂ ಎದ್ದು ಮುಖ ತೊಳೆದು ಮೊದಲ ಪ್ರಬಂಧ ಶುರುಮಾಡಬೇಕು, ಮಾಡ್ತೀನಿ ಬಾಬಾ, ಆದರೆ ಅಲ್ಲಿಗೆ ಹೋಗುವುದಕ್ಕೆ ಇವನ್ನು ದಾಟಬೇಕು, ಇಪ್ಪತ್ತು, ಖಾಲಿ, ಇಪ್ಪತ್ತೊಂದು, ಖಾಲಿ, ಇಪ್ಪತ್ತೆರಡು, ಬಿಳಿ ಚೌಕ, ಪೆನ್ಸಿಲಿನ ಗೆರೆ, ಖಾಲಿ, ಖಾಲಿ