ಎಲ್ಲರ ಕೈ ತಾಗಿದ ಬೋಗುಣಿ

"ಕಣ್ಣು ಮುಚ್ಚಿಕೊಳ್ಳಿ," ಎಂದ ಟೆರಿ. ಎಪ್ಪತ್ತು ದಾಟಿದ ಹೆಂಗಸಿಗೆ ಇದೆಂಥ ಆಟವೋ! ಆದರೂ ಶೋಭಾ ಮುಚ್ಚಿಕೊಂಡರು. ಎಜ್‌ವೇರ್‌ನ ಆ ಚರ್ಚ್ ಹಾಲಿನಲ್ಲಿ ಮರ ತಿರುಗಿಸುವ ಲೇತ್ ಯಂತ್ರಗಳೆಲ್ಲ ಸದ್ದಡಗಿ ನಿಂತಿದ್ದವು. ಮರ ಕಡೆಯುವ ಕ್ಲಬ್ಬಿನವರು, ಹೆಚ್ಚಿನವರು ರಿಟೈರಾದ ಮುದುಕರೇ, ಏಪ್ರನ್ ಕೂಡ ಬಿಚ್ಚದೆ ಸುತ್ತ ನೆರೆದು ಕಿಸಕಿಸ ನಗುತ್ತಿದ್ದರು. ಮಗಳು ಸ್ಫೂರ್ತಿ ಫೋನು ಹಿಡಿದು ವಿಡಿಯೋ ಮಾಡುತ್ತಿದ್ದಳು.

ಶೋಭಾ ಬಂದದ್ದು ಗಂಡ ಕಡೆದ ಮರದ ಬೋಗುಣಿಯನ್ನು ಮನೆಗೆ ಒಯ್ಯಲಿಕ್ಕೆ. ಡಾಕ್ಟರ್ ಜಗದೇವಪ್ಪ ಜೀವಮಾನವೆಲ್ಲ ಆಸ್ಪತ್ರೆಯಲ್ಲಿ ಎಲುಬು ಜೋಡಿಸಿದವರು. ಮರದ ಮುಂದೆ ಮಾತ್ರ ಅವರ ಕೈ ಶುದ್ಧ ಪೆದ್ದು. ಉಳಿ ಹಿಡಿದರೆ ಸಾಕು, ಎಲ್ಲಿಗೋ ಜಾರುತ್ತಿತ್ತು. ಕೌನ್ಸಿಲ್‌ನವರು ರಸ್ತೆಯಂಚಿನ ಚೆರ್ರಿ ಮರ ಕಡಿದಾಗ ಒಂದು ತುಂಡು ಕೇಳಿ ತಂದು, ಇಲ್ಲೇ ದಪ್ಪಗೆ ಬೋಗುಣಿ ಕಡೆದು, ಮನೆಯ ಕಪಾಟಿನ ಮೇಲೆ ಇಟ್ಟಿದ್ದರು. ಹಸಿ ಮರ ಒಂದು ವರ್ಷ ಒಣಗಬೇಕು, ಆಮೇಲೆ ಎರಡನೇ ಸಲ ತೆಳ್ಳಗೆ ಕಡೆಯಬೇಕು. ಒಳಗೆಲ್ಲ ಉಳಿ ಜಾರಿದ ಗೀರು, ತಗ್ಗು. "ನೋಡಿಲ್ಲೆ ಶೋಭಾ, ಧಾರವಾಡದ ರಸ್ತಿ ಮಾಡೀನಿ!" ಎಂದು ನಕ್ಕಿದ್ದರು. ಮರ ಒಣಗುವ ಮೊದಲೇ ಹಾರ್ಟ್ ಅಟ್ಯಾಕ್ ಆಗಿ ಹೋಗಿಬಿಟ್ಟರು.

ಅಂದಿನಿಂದ ಸಂಜೆಯ ಚಹಾದ ಹೊತ್ತಿಗೆ ಶೋಭಾ ಬೋಗುಣಿಯನ್ನು ತೊಡೆಯ ಮೇಲಿಟ್ಟುಕೊಂಡು ಆ ತಗ್ಗುಗಳಲ್ಲಿ ಬೆರಳಾಡಿಸುತ್ತಿದ್ದರು. ಫೋಟೋದಲ್ಲಿ ಮುಖವಿತ್ತು, ನಿಜ. ಕೈ ಇದ್ದದ್ದು ಇದೊಂದರಲ್ಲೇ. ಚಳಿಗಾಲದ ಹೀಟರಿನ ಕಾವಿಗೆ ಅಂಚಿನಲ್ಲಿ ಬಿರುಕು ಕಂಡಿತ್ತು. ಕ್ಲಬ್ಬಿನ ಕಾರ್ಯದರ್ಶಿಯಾದ ಟೆರಿಯ ಹತ್ತಿರ ಶೋಭಾ ಅದನ್ನು ಹಿಡಿದು ಓಡಿ ಬಂದಿದ್ದರು. "ಏನಾದರೂ ಮಾಡಿ ಇದನ್ನು ಉಳಿಸಿಕೊಡಿ." ಹೇಳಿದ್ದು ಅಷ್ಟೇ.

"ಈಗ ಕಣ್ಣು ಬಿಡಿ," ಎಂದ ಟೆರಿ.

ಮೇಜಿನ ಮೇಲೆ ಬೋಗುಣಿ ಥಳಥಳ ಹೊಳೆಯುತ್ತಿತ್ತು. ತೆಳ್ಳನೆಯ ಅಂಚು, ಕೆಂಪು ಜೇನಿನ ಬಣ್ಣ, ಬಿರುಕಿನ ಸುಳಿವೇ ಇಲ್ಲ. ಶೋಭಾ ಒಳಗೆ ಬೆರಳಿಟ್ಟರು. ಬೆರಳು ಎಲ್ಲೂ ತಡೆಯದೆ ಜಾರಿ ಒಂದು ಸುತ್ತು ಬಂತು. ಇನ್ನೊಮ್ಮೆ ಆಡಿಸಿದರು. ಏನೂ ಇಲ್ಲ.

"ತೀರಿಕೊಂಡ ಗೆಳೆಯನ ಕೆಲಸ ಅರ್ಧಕ್ಕೆ ಬಿಡುವುದಿಲ್ಲ, ಅದು ನಮ್ಮ ರೂಢಿ," ಎಂದ ಟೆರಿ. "ಪ್ರತಿಯೊಬ್ಬರೂ ಒಂದೊಂದು ಸಲ ಉಳಿ ಹಿಡಿದೆವು. ನಮ್ಮ ಜಗ್‌ಗೋಸ್ಕರ." ಜಗದೇವಪ್ಪ ಅವರ ಬಾಯಲ್ಲಿ ಜಗ್ ಆಗಿದ್ದರು.

ಅಯ್ಯೋ, ಯಾರನ್ನು ಬಯ್ಯುವುದು? ಒಬ್ಬನೇ ಆಗಿದ್ದರೆ ಬಯ್ಯಬಹುದಿತ್ತು. ಇಲ್ಲಿ ಕೈ ನಡುಗುವ ಮುದುಕನೂ ತನ್ನ ಪಾಲಿನಷ್ಟು ಹೆರೆದಿದ್ದ, ಅದೂ ಪ್ರೀತಿಯಿಂದ. ಅವನು ಏಪ್ರನ್ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಎಲ್ಲರೂ ಶೋಭಾರ ಮುಖವನ್ನೇ ನೋಡುತ್ತಿದ್ದರು.

"ಅವ್ವಾ, ಇಟ್ಸ್ ಬ್ಯೂಟಿಫುಲ್! ಸೇ ಸಮ್‌ಥಿಂಗ್."

"ನಿಮ್ಮಪ್ಪಾರ ತಗ್ಗು ಎಲ್ಲಿ ಅದಾವ ಸ್ಫೂರ್ತಿ? ಎಲ್ಲಾ ಅಳಿಸಿಬಿಟ್ಟಾರ."

ಫೋನು ಹಿಡಿದ ಮಗಳ ಕೈ ಕೆಳಗಿಳಿಯಿತು. "ಪ್ಲೀಸ್ ಅವ್ವಾ, ನಾಟ್ ನೌ," ಎಂದು ಪಿಸುಗುಟ್ಟಿದಳು.

"ಥ್ಯಾಂಕ್ ಯೂ," ಎಂದರು ಶೋಭಾ. ಚಪ್ಪಾಳೆ ಬಿತ್ತು. ಇನ್ನೊಮ್ಮೆಯೂ ಅದನ್ನೇ ಹೇಳಿದರು.

ಬಾಗಿಲ ಹತ್ತಿರ ಕೋಟು ಹಾಕಿಕೊಳ್ಳುವಾಗ ತಡೆಯಲಾಗಲಿಲ್ಲ. "ಟೆರಿ, ಇದರೊಳಗಿಂದ ಹೆರೆದು ತೆಗೆದದ್ದು... ಅದೆಲ್ಲಿದೆ?"

ಟೆರಿ ತಬ್ಬಿಬ್ಬಾದ. ನೆಲ ಗುಡಿಸಿದ ಮರದ ಸುರುಳಿಯೆಲ್ಲ ಮೂಲೆಯ ಚೀಲಕ್ಕೆ ಹೋಗುತ್ತಿತ್ತು; ಚೀಲ ತುಂಬಿದರೆ ಒಬ್ಬ ಸದಸ್ಯನ ಮೊಲದ ಗೂಡಿಗೆ ಹಾಸಲು. "ಇರಬೇಕು, ಅವನಿನ್ನೂ ಒಯ್ದಿಲ್ಲ," ಎನ್ನುತ್ತ ಓಡಿಹೋಗಿ ಸೊಂಟದೆತ್ತರದ ಚೀಲವನ್ನೇ ಎಳೆದು ತಂದ. "ಎಲ್ಲರದ್ದೂ ಬೆರೆತುಹೋಗಿದೆ, ಬೇರೆ ಬೇರೆ ಮರದ್ದು. ನಿಮ್ಮ ಮನೆಯಲ್ಲೂ ಮೊಲ ಇದೆಯೇ?"

"ಹ್ಞೂಂ," ಎಂದರು ಶೋಭಾ.

ಬೋಗುಣಿ ಕಾರಿನ ಮುಂದಿನ ಸೀಟಿನಲ್ಲಿ ಮಗಳ ಪಕ್ಕ ಕೂತಿತು. ಶೋಭಾ ಚೀಲದ ಜೊತೆ ಹಿಂದೆ ಕೂತರು. ಸಿಗ್ನಲ್ಲಿನಲ್ಲಿ ಸ್ಫೂರ್ತಿ ಕನ್ನಡಿಯಲ್ಲಿ ನೋಡಿ, "ಅವ್ವಾ, ವಾಟ್ ಆರ್ ಯು ಡೂಯಿಂಗ್?" ಎಂದಳು.

"ಆರಿಸಾಕತ್ತೀನಿ."

ಅಕ್ಕಿ ಆರಿಸುವ ಹಾಗೆ ಒಂದೊಂದೇ ಸುರುಳಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಚೆರ್ರಿ ಮರದ ಹಾಗೆ ಕೆಂಪಗೆ ಕಂಡದ್ದನ್ನೆಲ್ಲ ಸೆರಗಿಗೆ ಹಾಕಿಕೊಳ್ಳುತ್ತಿದ್ದರು. ಮನೆಯಿದ್ದ ಕ್ವೀನ್ಸ್‌ಬರಿ ಬಂದಾಗಲೂ ಚೀಲ ತುಂಬಿಯೇ ಇತ್ತು.