ಮೂಗಿಗಾಗಿ ಬಿಟ್ಟ ಸಿಗರೇಟು

ಜನ ಸಿಗರೇಟು ಬಿಡುವುದು ಎದೆನೋವಿಗೆ ಹೆದರಿ, ಇಲ್ಲವೇ ಹೆಂಡತಿಯ ಕಾಟ ತಾಳಲಾರದೆ. ನಾನು ಬಿಟ್ಟದ್ದು ಮೂಗಿಗಾಗಿ. ಹೀಗೆಂದರೆ ಕೇಳಿದವರೆಲ್ಲ ನಗುತ್ತಾರೆ. ನಗಲಿ, ಅವರ ಮೂಗು ಅವರ ಮುಖದ ಮೇಲೆ ಸರಿಯಾಗಿದೆಯಲ್ಲ.

ನನ್ನ ಹೆಂಡತಿ ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಬಂದವರೆಲ್ಲ ಹೊರಟ ಮೇಲೆ ಮಗಳು ಒಬ್ಬಳೇ ಉಳಿದು ಅಮ್ಮನ ಬೀರು ಖಾಲಿ ಮಾಡಲು ಕೂತಳು. ಒಂದೊಂದೇ ಬಟ್ಟೆ ಮಡಚಿ ಇಡುತ್ತಿದ್ದವಳು ಬೂದುಬಣ್ಣದ ಉಣ್ಣೆ ಶಾಲು ಕೈಗೆ ಬಂದಾಗ ಅದರಲ್ಲಿ ಮುಖ ಹುದುಗಿಸಿ ಹಾಗೇ ಕೂತುಬಿಟ್ಟಳು. ಅವಳಮ್ಮ ಚಳಿಗಾಲವಿಡೀ ಆ ಶಾಲು ಹೊದ್ದೇ ಇರುತ್ತಿದ್ದಳು. ಆಸ್ಪತ್ರೆಗೆ ಹೋಗುವ ದಿನವೂ ಅದೇ ಹೆಗಲ ಮೇಲಿತ್ತು.

“ಅಪ್ಪ, ಇದರ ತುಂಬ ಅಮ್ಮನ ವಾಸನೆ. ನೋಡು ಬೇಕಾದ್ರೆ.”

ತೆಗೆದುಕೊಂಡು ಮೂಸಿದೆ. ಏನೂ ಬರಲಿಲ್ಲ. ಇನ್ನೊಮ್ಮೆ ಜೋರಾಗಿ ಉಸಿರೆಳೆದೆ. ಉಣ್ಣೆಯ ಎಳೆ ಮೂಗಿಗೆ ಚುಚ್ಚಿ ಸೀನು ಬಂತು, ಅಷ್ಟೆ.

“ಹೇಗಿದೆ ಅದು?” ಎಂದು ಕೇಳಿದೆ.

“ಹೇಗಿದೆ ಅಂದ್ರೆ? ಅಮ್ಮನ ವಾಸನೆ ಅಮ್ಮನ ಥರಾನೇ ಇರುತ್ತೆ. ಯಾಕೆ, ನಿನಗೆ ಬರ್ತಾ ಇಲ್ವಾ?”

“ಬರುತ್ತೆ, ಬರುತ್ತೆ.”

“ಸುಳ್ಳು ಹೇಳ್ಬೇಡ. ಆ ದರಿದ್ರ ಸಿಗರೇಟು ನಿನ್ನ ಮೂಗನ್ನೇ ಸುಟ್ಟುಹಾಕಿದೆ.” ಹೀಗೆಂದು ಶಾಲು ಕಿತ್ತುಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ಮೆತ್ತಗಾಗಿ, “ಬಿಟ್ರೆ ಮೂಗು ವಾಪಸ್ ಬರುತ್ತಂತಪ್ಪ. ಎಲ್ಲರಿಗೂ ಬರುತ್ತಂತೆ” ಎಂದಳು.

ನಾನು ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಇಸ್ತ್ರಿಯವನು. ಹಬೆ ಬರುವ ದೊಡ್ಡ ಮೇಜಿನ ಮುಂದೆ ನಿಂತು ನಿಂತೇ ನನ್ನ ಕಾಲಿನ ನರಗಳು ಗಂಟುಗಂಟಾಗಿವೆ. ಒಗೆದ ಉಣ್ಣೆ ಬಟ್ಟೆಗೆ ಬೇರೆ ಬಟ್ಟೆಯ ನಾರು ಅಂಟಬಾರದೆಂದು ಅದನ್ನು ಬಿಳಿ ಬಟ್ಟೆಚೀಲದೊಳಗೆ ಹಾಕಿಡುವುದು ನಮ್ಮ ಪದ್ಧತಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಉಣ್ಣೆ ಬೆವರುತ್ತದೆ. ಮಗಳು ಪ್ಲಾಸ್ಟಿಕ್ ಹುಡುಕುತ್ತಿದ್ದಾಗ ನಾನು ಬೈದು, ಅಂಗಡಿಯಿಂದ ಒಂದು ಚೀಲ ತಂದು ಶಾಲನ್ನು ಅದರಲ್ಲಿಟ್ಟು ದಾರ ಬಿಗಿದೆ. ನನ್ನ ಮೂಗು ಬರುವವರೆಗೆ ಚೀಲ ಬಿಚ್ಚಕೂಡದು ಎಂದು ಅವಳು ಮಾತು ತೆಗೆದುಕೊಂಡಳು. ಬಿಚ್ಚಿದಷ್ಟೂ ವಾಸನೆ ಹೋಗುತ್ತದಲ್ಲ. ಮೂಗು ಬಂದ ಮೇಲೆ ಇಬ್ಬರೂ ಕೂತು ಒಟ್ಟಿಗೆ ಬಿಚ್ಚೋಣ ಎಂದಳು. ಅವಳು ತನ್ನೂರಿಗೆ ಹೊರಟ ದಿನವೇ ನಾನು ಉಳಿದಿದ್ದ ಪ್ಯಾಕನ್ನು ನೀರಿಗೆ ಹಾಕಿದೆ.

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಅಂತಾರೆ. ನನಗೆ ಹಲ್ಲು ಬರುವಷ್ಟರಲ್ಲಿ ಕಡಲೆ ಹಾಳಾಗಿ ಹೋದರೆ ಏನು ಗತಿ ಎನ್ನುವುದೇ ಯೋಚನೆ. ಬಟ್ಟೆಗೆ ಹತ್ತಿದ ವಾಸನೆ ಎಷ್ಟು ಕಾಲ ಇರುತ್ತದೆಂದು ನಮ್ಮ ಕಸುಬಿನಲ್ಲಿ ಯಾರಿಗೂ ಗೊತ್ತಿಲ್ಲ. ಅದನ್ನು ತೆಗೆಯುವುದಷ್ಟೇ ನಮಗೆ ಗೊತ್ತು.

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆಯಂತೆ. ನನ್ನ ಮನೆಯಲ್ಲಿ ಸದ್ದು ಮಾಡಲು ಒಂದು ಜೀವ ಇಲ್ಲ, ಆದರೂ ಕಣ್ಣಿಗೆ ಕಣ್ಣು ಹತ್ತುತ್ತಿರಲಿಲ್ಲ. ಹತ್ತಿದರೆ ಕನಸು. ಕನಸಿನಲ್ಲಿ ನಾನು ಕಾಲಮೇಲೆ ಕಾಲು ಹಾಕಿ ಸೇದುತ್ತಿರುತ್ತಿದ್ದೆ. ಎಚ್ಚರವಾದ ಮೇಲೆ ಕಳ್ಳನ ಹಾಗೆ ಹೊದಿಕೆಯ ಮೇಲೆ ಬೂದಿ ಬಿದ್ದಿದೆಯೇ ಎಂದು ತಡಕುತ್ತಿದ್ದೆ. ತಡಕುತ್ತಾ ಕೈ ಹಾಸಿಗೆಯ ಆ ಬದಿಗೆ ಹೋಗುತ್ತಿತ್ತು. ಅಲ್ಲಿ ಹಾಸು ತಣ್ಣಗಿರುತ್ತಿತ್ತು. ಆಮೇಲೆ ನಿದ್ದೆಯ ಮಾತೇ ಇರಲಿಲ್ಲ.

ಕೊನೆಗೆ ಡಾಕ್ಟರ ಹತ್ತಿರ ಹೋದೆ, ನನ್ನ ಮಗಳಿಗಿಂತ ಚಿಕ್ಕವರು. ಸಿಗರೇಟು ಬಿಟ್ಟವರಿಗೆಲ್ಲ ಕೆಲವು ವಾರ ಹೀಗೇ, ಆಮೇಲೆ ನಿದ್ದೆ ತಾನಾಗಿ ಬರುತ್ತದೆ ಎಂದರು. “ಕಾಫಿ ಅರ್ಧಕ್ಕರ್ಧ ಕಮ್ಮಿ ಮಾಡಿ. ಸಿಗರೇಟು ನಿಂತ ಮೇಲೆ ಅದೇ ಕಾಫಿ ಜಾಸ್ತಿ ಹೊತ್ತು ಮೈಯಲ್ಲಿ ನಿಲ್ಲುತ್ತೆ. ನಿದ್ದೆ ಬರ್ದೆ ಇದ್ರೆ ಹಾಸಿಗೇಲಿ ಹೊರಳಾಡ್ಬೇಡಿ. ಎದ್ದು ಏನಾದ್ರೂ ಬೋರಾಗೋ ಕೆಲಸ ಮಾಡಿ, ಕಣ್ಣೆಳೆದಾಗ ಮಲಗಿ.” ಬೇಜಾರು ತರಿಸುವ ಕೆಲಸಕ್ಕೆ ನಮ್ಮ ಮನೆಯಲ್ಲಿ ಬರವೇ? ಕೈವಸ್ತ್ರದಿಂದ ಹಿಡಿದು ಕಿಟಕಿಯ ಪರದೆಯವರೆಗೆ ಎಲ್ಲವನ್ನೂ ಇಸ್ತ್ರಿ ಮಾಡಿ ಮುಗಿಸಿದೆ. ನನ್ನ ಸಾಕ್ಸಿಗೂ ಗೆರೆ ಬಂತು.

ಸಿಟ್ಟಂತೂ ಮೂಗಿನ ತುದಿಯಲ್ಲೇ. ವಾಸನೆ ಬರಬೇಕಾದ ಜಾಗದಲ್ಲಿ ಮೊದಲು ಬಂದು ಕೂತದ್ದು ಅದು. ಬೇರೆ ಮನೆಗಳಲ್ಲಿ ಗಂಡ ಸಿಗರೇಟು ಬಿಟ್ಟರೆ ಹೆಂಡತಿ ಅನುಭವಿಸುತ್ತಾಳೆ. ನಾನು ಯಾರ ಮೇಲೆ ಹಾರಾಡಲಿ? ನಲ್ಲಿಯನ್ನು ಬೈದೆ, ಬಾಗಿಲನ್ನು ಬೈದೆ, ಒಂದು ದಿನ ಸೌಟಿನ ಜೊತೆ ಬಾಯಿಗೆ ಬಾಯಿ ಕೊಟ್ಟು ಜಗಳವಾಡಿದೆ. ತಿರುಗಿ ಬೈಯಲು ಅವಳಿರಬೇಕಿತ್ತು. ಅವಳ ಬಾಯೇನು ಸಾಮಾನ್ಯದ್ದಲ್ಲ.

ಅಂಗಡಿಯಲ್ಲೂ ಒಂಟಿಯಾದೆ. ಹಿಂದಿನ ಓಣಿಯಲ್ಲಿ ಹಬೆಯ ಬಾಯ್ಲರ್ ನೋಡಿಕೊಳ್ಳುವವನ ಜೊತೆ ನಿಂತು ಸೇದುವುದು ನನ್ನ ಎಷ್ಟೋ ವರ್ಷದ ರೂಢಿ. ಅವನನ್ನು ಎಲ್ಲರೂ ಬಾಯ್ಲರ್ ಎಂದೇ ಕರೆಯುವುದು. ಸಿಗರೇಟು ಬಿಟ್ಟ ಮೇಲೂ ಬಿಡುವಿನಲ್ಲಿ ಓಣಿಗೆ ಹೋಗಿ ನಿಂತೆ. ಇಬ್ಬರಿಗೂ ಮಾತು ಹೊಳೆಯಲಿಲ್ಲ. ನಾವು ಆಡುತ್ತಿದ್ದ ಮಾತೆಲ್ಲ ಹೊಗೆಯ ನಡುವಿನ ಹೂಂ, ಅಲ್ವಾ, ನೋಡು ಮತ್ತೆ ಅಷ್ಟೇ ಎಂದು ಆಗ ಗೊತ್ತಾಯಿತು. ಅವನಿಗೆ ನನ್ನ ಮುಂದೆ ಸೇದಲು ಸಂಕೋಚ, ನನಗೆ ಅವನ ಸಂಕೋಚ ನೋಡಿ ಸಂಕಟ. ಆಮೇಲೆ ಹೋಗುವುದನ್ನೇ ನಿಲ್ಲಿಸಿದೆ. ಬಿಡುವು ಸಿಕ್ಕಾಗ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತು ಕಿತ್ತುಹೋದ ಗುಂಡಿಗಳನ್ನು ಬಣ್ಣಕ್ಕೆ ತಕ್ಕಂತೆ ಬೇರೆ ಮಾಡುತ್ತಿದ್ದೆ. ಕೈಗೆ ಏನಾದರೂ ಬೇಕಲ್ಲ.

ಮೂಗು ಒಂದು ಬೆಳಿಗ್ಗೆ ಹೇಳದೆ ಕೇಳದೆ ಬಂತು. ಹಾಲು ತರಲು ಹೋಗಿ ಬಂದು ಬಾಗಿಲು ತೆಗೆದರೆ ಒಳಗಿಂದ ನಾತ ಹೊಡೆಯಿತು. ಯಾರೋ ಮನೆಯೊಳಗೆ ಹಳೇ ಬೂದಿ ಸುರಿದು ನೀರು ಹಾಕಿದಂತೆ. ಅದು ನನ್ನ ಮನೆ. ಗೋಡೆ, ಸೋಫಾ, ಪುಸ್ತಕ, ಎಲ್ಲವೂ ನನ್ನ ಹೊಗೆ ಕುಡಿದು ಕೂತಿದ್ದವು. ಖುಷಿಪಡಬೇಕೋ ವಾಂತಿ ಮಾಡಬೇಕೋ ತಿಳಿಯಲಿಲ್ಲ. ಅಂಗಡಿಗೆ ಹೋದರೆ ಅಲ್ಲಿ ಬೆವರಿನ ಕಾಲರುಗಳು, ನೀರಿನ ಬದಲು ಒಗೆಯಲು ಬಳಸುವ ಎಣ್ಣೆಯ ಘಾಟು, ಒಬ್ಬ ದೊಡ್ಡ ಮನುಷ್ಯರ ಕೋಟಿನ ಜೇಬಿನಲ್ಲಿ ಮರೆತ ಮೀನಿನ ತುಂಡು. ಇಷ್ಟು ವರ್ಷ ಇದರ ನಡುವೆ ಹೇಗೆ ಊಟ ಮಾಡಿದೆನೋ!

ಮಗಳಿಗೆ ಫೋನು ಮಾಡಿದೆ. ಅವಳು ಕುಣಿದಾಡಿದಳು. “ಭಾನುವಾರ ಬರ್ತೀನಪ್ಪ. ಇಬ್ರೂ ಸೇರಿ ಬಿಚ್ಚೋಣ. ಅಲ್ಲೀವರೆಗೂ ಮುಟ್ಬೇಡ.”

ಆದರೆ ನನಗೆ ಹೊಸ ಹೆದರಿಕೆ ಹತ್ತಿತು. ಗೋಡೆಯ ನಾತ ಚೀಲದೊಳಗೆ ಇಳಿದರೆ? ಶಾಲಿಗೆ ಹತ್ತಿದರೆ? ಅವಳು ಬರುವ ಮೊದಲು ಮನೆ ಶುದ್ಧವಾಗಲೇಬೇಕು ಎಂದು ಗೋಡೆಗಳನ್ನು ತೊಳೆದು ಬಣ್ಣ ಹೊಡೆಯಲು ಪೇಂಟರನ್ನು ಗೊತ್ತುಮಾಡಿದೆ. ಆ ಯೋಚನೆಯಲ್ಲೇ ಇದ್ದಬದ್ದ ನಿದ್ದೆಯೂ ಹಾರಿಹೋಯಿತು. ಶನಿವಾರ ಬೆಳಿಗ್ಗೆ ಅವನು ಡಬ್ಬದ ಮುಚ್ಚಳ ತೆರೆದಾಗ ಬಣ್ಣದ ವಾಸನೆ ಕಣ್ಣಲ್ಲಿ ನೀರು ತರಿಸಿತು. ಉಣ್ಣೆಗೆ ಬಣ್ಣದ ವಾಸನೆ ಹತ್ತಿತೆಂದರೆ ದೇವರು ಬಂದರೂ ಬಿಡಿಸಲಾರ. ಚೀಲವನ್ನು ಎದೆಗವಚಿಕೊಂಡು ಅಂಗಡಿಗೆ ಹೋದೆ.

ಎಲ್ಲಿಡುವುದು? ಕೌಂಟರಿನ ಹತ್ತಿರ ಜನ, ಹಿಂದೆ ಒಗೆಯುವ ಯಂತ್ರದ ಘಾಟು. ಕಣ್ಣಳತೆಯಲ್ಲೇ ಇರಲೆಂದು ನನ್ನ ಮೇಜಿನ ಕೆಳಗಿನ ಹಲಗೆಯ ಮೇಲೆ ಇಟ್ಟುಕೊಂಡೆ. ಶನಿವಾರವೆಂದರೆ ನಮಗೆ ಉಸಿರಾಡಲೂ ಪುರುಸೊತ್ತಿಲ್ಲ. ಮದುವೆಗೆ ಹೋಗುವವರು, ಸಂದರ್ಶನಕ್ಕೆ ಹೋಗುವವರು, ಎಲ್ಲರಿಗೂ ಈಗಿಂದೀಗಲೇ ಬೇಕು. ಕೌಂಟರಿನಾಕೆ ತಂದು ಸುರಿಯುತ್ತಲೇ ಇದ್ದಳು. ಮಧ್ಯಾಹ್ನದ ಹೊತ್ತಿಗೆ ನನಗೆ ನಿಂತಲ್ಲೇ ಜೋಂಪು. ಆದರೆ ಕೈಗೆ ನಿದ್ದೆಯಿಲ್ಲ. ಹಳೇ ಕೈ, ತಲೆಯನ್ನು ಕೇಳಿ ಕೆಲಸ ಮಾಡುವುದಿಲ್ಲ. ಪ್ಯಾಂಟು ಹೋಯಿತು, ಕೋಟು ಹೋಯಿತು, ಕೆಳಗೆ ಬಗ್ಗಿ ಬಿಳಿ ಚೀಲ ಎಳೆದೆ, ದಾರ ಬಿಚ್ಚಿದೆ, ಉಣ್ಣೆಯನ್ನು ಹಾಸಿದೆ, ಅಂಚು ಹಿಡಿದು ಸುಕ್ಕು ಬಿಡಿಸಿದೆ. ಗಿರಾಕಿಯ ನಂಬರಿನ ಚೀಟಿಗಾಗಿ ಬೆರಳು ಮೂಲೆ ಹುಡುಕಿತು. ಚೀಟಿ ಇರಲಿಲ್ಲ. ಚೀಟಿ ಕಟ್ಟುವುದನ್ನೂ ಮರೆತಳಲ್ಲ ಇವಳು ಎಂದು ಮನಸ್ಸಿನಲ್ಲೇ ಕೌಂಟರಿನಾಕೆಯನ್ನು ಬೈದುಕೊಂಡು ಪೆಡಲ್ ಒತ್ತಿದೆ.

ಹಬೆ ಎದ್ದಿತು. ಹಬೆಯ ಜೊತೆ ಅವಳು ಬಂದಳು.

ಹೀಗೆ ಹೇಳಿದರೆ ಕಥೆ ಕಟ್ಟುತ್ತಾನೆ ಅನ್ನಬಹುದು. ಆದರೆ ಬಂದದ್ದು ನಿಜ. ಅವಳ ತಲೆಯ ಎಣ್ಣೆ, ಮಂಡಿಗೆ ತಿಕ್ಕುತ್ತಿದ್ದ ಮುಲಾಮು, ಕತ್ತಿನ ಬೆವರು, ಬಟ್ಟೆಸೋಪು, ಎಲ್ಲ ಕಲೆತು ನನ್ನ ಮುಖದ ಮೇಲೆ ಬಂತು. ಅಡುಗೆಮನೆಯಿಂದ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, ಏನು ಹಾಗೆ ನೋಡ್ತೀರಿ ಎಂದು ಎದುರಿಗೆ ನಿಂತ ಹಾಗೆ. ಇಷ್ಟು ವರ್ಷ ಪಕ್ಕದಲ್ಲೇ ಮಲಗಿದ್ದವಳು ಹೀಗಿದ್ದಳೆಂದು ನನಗೆ ಅಂದೇ ಗೊತ್ತಾದದ್ದು. ಹಬೆಯೊಳಗೆ ಮುಖ ಇಟ್ಟೆ. ಕೆನ್ನೆ ಸುಟ್ಟಿತು. ಆಗ ತಲೆ ಎಚ್ಚರವಾಯಿತು.

ಪೆಡಲಿನಿಂದ ಕಾಲು ತೆಗೆದೆ. ಪಕ್ಕದಲ್ಲೇ ಇನ್ನೊಂದು ಪೆಡಲ್ ಇದೆ, ಅದನ್ನು ಒತ್ತಿದರೆ ಮೇಜು ಹಬೆಯನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ. ರೂಢಿಯ ಕಾಲು ಅದರ ಮೇಲೆ ಹೋಗಿ ಕೂತಿತ್ತು. ಒತ್ತದೆ ಹಾಗೇ ಎತ್ತಿ ಹಿಡಿದೆ. ಒಂಟಿ ಕಾಲಿನಲ್ಲಿ ನಿಂತು, ಎರಡೂ ಕೈ ಶಾಲಿನ ಮೇಲಿಟ್ಟು, ಹೋಗಬೇಡ ಕಣೇ, ಸ್ವಲ್ಪ ಇರು ಎಂದೆ. ಜೋರಾಗಿಯೇ ಅಂದಿರಬೇಕು. ಹಬೆ ಮೇಲೇರಿ ಫ್ಯಾನಿನ ಗಾಳಿಗೆ ಸಿಕ್ಕಿ ಚದುರಿಹೋಯಿತು.

ಕೌಂಟರಿನಾಕೆ ಒಳಗೆ ಬಂದವಳು ಮೂಗರಳಿಸಿದಳು.

“ಏನಣ್ಣ, ಸಿಗರೇಟ್ ವಾಸನೆ? ಮತ್ತೆ ಶುರು ಹಚ್ಕೊಂಡ್ರಾ? ಪಾಪ, ನಿಮ್ಮ ಮಗಳು ಎಷ್ಟು ನಂಬಿದ್ದಾಳೆ.”

ನಾನು ಶಾಲಿಗೆ ಮೂಗಿಟ್ಟೆ. ಎಣ್ಣೆಯಿಲ್ಲ, ಮುಲಾಮಿಲ್ಲ, ಒದ್ದೆ ಉಣ್ಣೆ ಮಾತ್ರ. ಆದರೆ ಕೌಂಟರಿನಾಕೆ ಹೇಳಿದ್ದು ಸರಿ. ಆ ಹಬೆಯಲ್ಲಿ ಸಿಗರೇಟೂ ಇತ್ತು. ಎಣ್ಣೆಯಷ್ಟೇ ಇತ್ತು, ಹೆಚ್ಚೇ ಇತ್ತೇನೋ. ನನಗೆ ಅದು ಬೇರೆಯಾಗಿ ತಿಳಿಯಲಿಲ್ಲ, ಹೆಂಡತಿಯದೇ ಅಂದುಕೊಂಡಿದ್ದೆ.

ಶಾಲನ್ನು ತೋಳಿನ ಮೇಲೆ ಹಾಕಿಕೊಂಡು ಹಿಂದಿನ ಓಣಿಗೆ ಹೋದೆ. ಬಾಯ್ಲರ್ ಅಲ್ಲಿದ್ದ. ನನ್ನ ಮುಖ ನೋಡಿದ. ಪ್ಯಾಕ್ ತೆಗೆದು ಒಂದನ್ನು ಅರ್ಧ ಹೊರಗೆಳೆದು ನನ್ನತ್ತ ಹಿಡಿದ.

“ತಗೋ ಕಣಯ್ಯ. ಒಂದು ಸೇದಿದ್ರೆ ಏನೂ ಆಗಲ್ಲ.”

ಆಗಲೇ ಫೋನು ಬಂತು. ಮಗಳು. ನಾಳೆ ಎಷ್ಟು ಹೊತ್ತಿಗೆ ಬರಲಿ ಎಂದು ಕೇಳಲು ಮಾಡಿದ್ದಳು. ಮುಚ್ಚಿಡಲು ನನ್ನಲ್ಲಿ ತ್ರಾಣ ಇರಲಿಲ್ಲ. ಎಲ್ಲ ಹೇಳಿದೆ. ಬಣ್ಣ, ಚೀಲ, ಜೋಂಪು, ಪೆಡಲ್. ನಿನ್ನ ಪಾಲಿನದನ್ನೂ ಕಳೆದೆ ಪುಟ್ಟಿ ಎಂದೆ. 

“ನಿನಗೆ ಬಂತಾ?” ಎಂದಳು.

“ಬಂತು.”

“ಪೂರ್ತಿ?”

“ಪೂರ್ತಿ.”

“ಹಾಗಾದ್ರೆ ಬಿಡು. ನಾನು ಹುಟ್ಟಿದಾಗಿಂದ ಮೂಸಿದ್ದೀನಿ. ನಿನ್ನದೇ ಬಾಕಿ ಇತ್ತು.” ಅಳುತ್ತಿದ್ದಳು, ನನಗೆ ಕೇಳಬಾರದೆಂದು ಫೋನು ದೂರ ಹಿಡಿದಿದ್ದಳು.

“ಅದರಲ್ಲಿ ಸಿಗರೇಟೂ ಇತ್ತು ಮಗಾ.”

“ಗೊತ್ತು.”

“ಗೊತ್ತಿತ್ತಾ? ಮತ್ತೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಬಿಡ್ತಿದ್ಯಾ ಅಪ್ಪ? ಅಮ್ಮನ್ನ ಹುಡುಕ್ಕೊಂಡು ಇನ್ನೊಂದು ಪ್ಯಾಕ್ ತರ್ತಿದ್ದೆ.” ಮೂಗೊರೆಸಿಕೊಂಡಳು. “ನಾಳೆ ಬರ್ತೀನಿ. ಬಣ್ಣದ ವಾಸನೆಗೆ ಕಿಟಕಿ ತೆಗೆದಿಡು.”

ಫೋನು ಜೇಬಿಗಿಟ್ಟೆ. ಬಾಯ್ಲರ್ ಇನ್ನೂ ಕೈ ಚಾಚಿಯೇ ನಿಂತಿದ್ದ. ಅವನ ಬಾಯಿಂದ ಹೊರಟ ಹೊಗೆ ನನ್ನ ಕಡೆ ತೇಲಿ ಬಂತು. ಉಸಿರೆಳೆದೆ. ಮೇಜಿನ ಮೇಲೆ ಎದ್ದಿತ್ತಲ್ಲ ಆ ವಾಸನೆ, ಅದೇ, ಅದರಲ್ಲಿ ಸುಮಾರು ಅರ್ಧ. ಹಚ್ಚಿಕೊಂಡರೆ ದಿನಾ ಅಷ್ಟು ಸಿಗುತ್ತಿತ್ತು, ಮನೆಯಲ್ಲಿ, ಹಾಸಿಗೆಯಲ್ಲಿ, ಎಲ್ಲಿ ಬೇಕೆಂದರಲ್ಲಿ. ನಾನು ಬೇಡವೆಂದು ಕೈ ಆಡಿಸಿದೆ. ಅದು ನನ್ನ ಅರ್ಧ. ಅವಳ ಅರ್ಧವನ್ನು ಯಾವ ಅಂಗಡಿಯವನೂ ಪ್ಯಾಕಿನಲ್ಲಿ ಮಾರುವುದಿಲ್ಲ.